ಸರ್ವಿಸ್ ಆದ ವಾಚಿಗೆ ಲೆಕ್ಕದ ಚೀಟಿಯೂ ಬೇಕು

ಮಾನ್ಯ ಸಂಪಾದಕರೇ,

ಕೀ ಕೊಡುವ ಕೈಗಡಿಯಾರಗಳತ್ತ ಯುವಜನರು ಮತ್ತೆ ಒಲವು ತೋರುತ್ತಿರುವ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಓದಿದೆ. ಹಳೆಯ ಎಚ್‌ಎಂಟಿ ವಾಚುಗಳ ಅಂದಚೆಂದದ ವಿವರಣೆ ಸೊಗಸಾಗಿತ್ತು. ಆದರೆ ಒಮ್ಮೆ ಸರ್ವಿಸ್ ಮಾಡಿಸಿಬಿಟ್ಟರೆ ಅವು ಸೆಕೆಂಡೂ ತಪ್ಪದೆ ನಡೆಯುತ್ತವೆ ಎಂಬರ್ಥದ ಮಾತು ಅದರಲ್ಲಿದ್ದುದರಿಂದ, ಗಡಿಯಾರ ದುರಸ್ತಿಯಿಂದಲೇ ಹೊಟ್ಟೆ ಹೊರೆಯುವವನಾಗಿ ಕೆಲವು ವಿಷಯಗಳನ್ನು ತಿಳಿಸಬೇಕೆನಿಸಿದೆ.

ಎಚ್‌ಎಂಟಿಯ ಜನತಾ, ಪೈಲಟ್‌ಗಳಲ್ಲಿರುವ 17 ಹರಳುಗಳ, ಎಂದರೆ ಸವೆತ ತಡೆಯಲು ಕೂರಿಸಿದ ಸಣ್ಣ ಗಟ್ಟಿ ಕಲ್ಲುಗಳ, ಯಂತ್ರ ಸೆಕೆಂಡಿಗೆ 5 ಬಾರಿ ಟಿಕ್ ಎನ್ನುತ್ತದೆ. ಎಂದರೆ ದಿನಕ್ಕೆ 4,32,000 ಬಾರಿ. ಅಂಥ ವಾಚು ದಿನಕ್ಕೆ 20 ಸೆಕೆಂಡು ಹಿಂದೆ ಬಿತ್ತೆಂದರೆ ಹತ್ತು ಸಾವಿರಕ್ಕೆ ಎರಡು ಮೂರು ಟಿಕ್‌ಗಳಷ್ಟು ಮಾತ್ರ ತಪ್ಪಿದೆ ಎಂದರ್ಥ. ಸ್ವಿಟ್ಜರ್ಲೆಂಡಿನಲ್ಲಿ 15 ದಿನ, ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ತಾಪಮಾನಗಳಲ್ಲಿ ಪರೀಕ್ಷಿಸಿ 'ಕ್ರೋನೋಮೀಟರ್' ಎಂದು ಪ್ರಮಾಣಪತ್ರ ಕೊಡುವ ದುಬಾರಿ ಯಂತ್ರಗಳಿಗೂ ದಿನದ ಸರಾಸರಿ 4 ಸೆಕೆಂಡು ನಿಧಾನದಿಂದ 6 ಸೆಕೆಂಡು ವೇಗದವರೆಗೆ ವಿನಾಯಿತಿ ಇದೆ. ಹಾಗಿರುವಾಗ ಜನಸಾಮಾನ್ಯರಿಗೆಂದೇ ತಯಾರಾದ, ನಾಲ್ಕೈದು ದಶಕ ನಡೆದಿರುವ ಜನತಾ ವಾಚು 20–30 ಸೆಕೆಂಡುಗಳ ಒಳಗಿದ್ದರೆ ಅದನ್ನು ದೂರುವಂತಿಲ್ಲ. ಪ್ರತಿದಿನವೂ ಒಂದೇ ಸಮನೆ 15 ಸೆಕೆಂಡು ಮುಂದೆ ಓಡುವ ವಾಚು ಆರೋಗ್ಯವಾಗಿದೆ, ಅದನ್ನು ತಿದ್ದಲು ಅರ್ಧ ನಿಮಿಷ ಸಾಕು. ಇಂದು 20 ಸೆಕೆಂಡು ಮುಂದೆ, ನಾಳೆ 40 ಸೆಕೆಂಡು ಹಿಂದೆ ಎನ್ನುವ ವಾಚಿಗೇ ನಿಜವಾದ ರೋಗ.

ಆ ರೋಗಕ್ಕೆ ಈಗ ಬಹಳ ಕಡೆ ನಡೆಯುತ್ತಿರುವ ಉಪಚಾರವೇ ನನ್ನ ಆಕ್ಷೇಪಣೆಯ ವಿಷಯ. ಕಳೆದ ತಿಂಗಳು ನನ್ನ ಮೇಜಿಗೆ ಬಂದ ಪೈಲಟ್ ವಾಚೊಂದನ್ನು ಅದರ ಮಾಲೀಕರು ಬೇರೆ ಊರಿನ ಅಂಗಡಿಯೊಂದರಲ್ಲಿ ಆಗಷ್ಟೇ ಸರ್ವಿಸ್ ಮಾಡಿಸಿದ್ದರು. ಹಿಂಬದಿಯ ಮುಚ್ಚಳ ತೆಗೆದಾಗ, ಹೇರ್‌ಸ್ಪ್ರಿಂಗ್ ಎಂಬ ಕೂದಲೆಳೆಯಂಥ ಸುರುಳಿಯ ಉದ್ದವನ್ನು ಹೆಚ್ಚು ಕಡಿಮೆ ಮಾಡಿ ವಾಚನ್ನು ಫಾಸ್ಟ್–ಸ್ಲೋ ಮಾಡುವ ರೆಗ್ಯುಲೇಟರ್ ಕಡ್ಡಿ ಫಾಸ್ಟ್ ಕಡೆಯ ತುದಿಗೆ ಹೋಗಿ ನಿಂತಿತ್ತು. ಹರಳುಗಳ ಗುಳಿಯಲ್ಲಿ ಎಣ್ಣೆಯಿರಲಿಲ್ಲ, ಕಂದು ಬಣ್ಣದ ಅಂಟು ಇತ್ತು. ಚಕ್ರದ ಪಿವಟ್ (ಅಚ್ಚಿನ ಮೊನೆ) ಒಂದರ ಸುತ್ತ ಲೋಹ ಸವೆದು ಕಪ್ಪು ಉಂಗುರ ಮೂಡಿತ್ತು. ಡಯಲ್ ಮೇಲ್ಮುಖವಾಗಿಟ್ಟರೆ ದಿನಕ್ಕೆ ಐದೇ ಸೆಕೆಂಡಿನ ವ್ಯತ್ಯಾಸ, ಕೀ ಕೆಳಮುಖವಾಗಿಟ್ಟರೆ ಒಂದು ನಿಮಿಷಕ್ಕೂ ಹೆಚ್ಚು ನಿಧಾನ. ಅಂಗಡಿಯವರು ಮೇಜಿನ ಮೇಲೆ ಮಲಗಿಸಿ ಸರಿ ಮಾಡಿ ಕೊಟ್ಟಿದ್ದರೇ ಹೊರತು ಕೈಗೆ ಕಟ್ಟಿಕೊಂಡಾಗ ಏನಾಗುತ್ತದೆಂದು ನೋಡಿರಲಿಲ್ಲ. ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ ಮೇಲೆ ಅತ್ತಿತ್ತ ತೂಗುತ್ತ ವಾಚಿನ ವೇಗ ನಿರ್ಧರಿಸುವ ಬ್ಯಾಲೆನ್ಸ್ ವೀಲ್‌ನ ತೂಗಾಟ 200 ಡಿಗ್ರಿಗಿಂತ ಕೆಳಗಿದ್ದುದು 270ರ ಸುಮಾರಿಗೆ ಏರಿತು. ಆಗ ವಾಚು ದಿನಕ್ಕೆ ಎರಡು ನಿಮಿಷ ಮುಂದೆ ಓಡತೊಡಗಿದ್ದರಿಂದ ಆ ಕಡ್ಡಿಯನ್ನು ನಡುವಿಗೆ ತರಬೇಕಾಯಿತು.

ಇನ್ನು ಕೆಲವರು ಯಂತ್ರವನ್ನು ಬಿಚ್ಚದೆ ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ ತೆಗೆಯುತ್ತಾರೆ. ಅದರಿಂದ ಹಳೆಯ ಅಂಟು ಕರಗಿ ಒಂದು ಚಕ್ರದಿಂದ ಇನ್ನೊಂದಕ್ಕೆ ಹರಿಯುತ್ತದೆ, ಕೀ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗಿನ ಡಬ್ಬಿಯ ಒಳಗಿನ ಗ್ರೀಸ್ ಮಾತ್ರ ಹಾಗೆಯೇ ಗಟ್ಟಿಯಾಗಿ ಉಳಿಯುತ್ತದೆ. ಎಣ್ಣೆ ಹೆಚ್ಚಾದರೂ ಕೇಡೇ. ಟಿಕ್ ಎನ್ನುತ್ತ ಚಕ್ರವನ್ನು ಒಂದೊಂದೇ ಹಲ್ಲಾಗಿ ಬಿಡುವ ಪ್ಯಾಲೆಟ್ ಫೋರ್ಕಿನ ಪಿವಟ್‌ಗಳಿಗಂತೂ ಎಣ್ಣೆಯನ್ನೇ ಮುಟ್ಟಿಸಬಾರದು. ಇವು ಕಸುಬಿನ ಮೊದಲ ಪಾಠಗಳು.

ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಮಾತ್ರ ಸರ್ವಿಸ್ ಖರ್ಚಿಗೆ ಮುನ್ನ ಒಂದು ಪರೀಕ್ಷೆ ಮಾಡಬಹುದು. ಸಣ್ಣ ದಿಕ್ಸೂಚಿಯ ಹತ್ತಿರ ವಾಚನ್ನು ಒಯ್ದಾಗ ಮುಳ್ಳು ಜೋರಾಗಿ ತಿರುಗಿದರೆ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಅಂಟಿ ಸುರುಳಿಗಳು ಒಂದಕ್ಕೊಂದು ಹತ್ತಿಕೊಂಡಿರುವ ಸಂಭವವೇ ಹೆಚ್ಚು. ಸ್ಪೀಕರು, ಅಯಸ್ಕಾಂತವಿರುವ ಮೊಬೈಲ್ ಕವರು, ಕೈಚೀಲದ ಗುಂಡಿ ಇವಿಷ್ಟೂ ಇದಕ್ಕೆ ಸಾಲುತ್ತವೆ. ಅದನ್ನು ತೆಗೆಯುವ ಉಪಕರಣ ಅಂಗಡಿಗಳಲ್ಲಿ ಇರುತ್ತದೆ, ಕೆಲಸ ಕ್ಷಣಾರ್ಧದ್ದು; ಅದಕ್ಕಾಗಿ ಪೂರ್ತಿ ಸರ್ವಿಸ್‌ನ ಹಣ ತೆಗೆದುಕೊಳ್ಳುವುದು ನ್ಯಾಯವಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ನಮ್ಮ ತುಮಕೂರಿಗೂ ಬಂದ ಎಚ್‌ಎಂಟಿ ವಾಚ್ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಎಣ್ಣೆಯಿಲ್ಲದೆ ನಡೆದು ಪಿವಟ್ ಸವೆದ ವಾಚಿಗೆ ಈಗ ಹೊಸ ಬಿಡಿಭಾಗ ಸಿಗುವುದು ಅಪರೂಪ, ಹೆಚ್ಚಿನ ಸಲ ಇನ್ನೊಂದು ಹಳೆಯ ವಾಚನ್ನೇ ಬಲಿಕೊಡಬೇಕಾಗುತ್ತದೆ. ಆನ್‌ಲೈನಿನಲ್ಲಿ ಡಯಲಿಗೆ ಹೊಸ ಬಣ್ಣ ಬಳಿದು ಮಾರುವ 'ಸರ್ವಿಸ್ ಆದ' ವಾಚುಗಳ ಒಳಗೆ ಇಂಥ ಬೆರಕೆ ಧಾರಾಳವಾಗಿದೆ. ಆದ್ದರಿಂದ ನಾಲ್ಕೈದು ವರ್ಷಕ್ಕೊಮ್ಮೆ ಸರಿಯಾದ ಸರ್ವಿಸ್ ಆಗುವುದು ಈಗ ಮೊದಲಿಗಿಂತ ಮುಖ್ಯ.

ಗಿರಾಕಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಟಿಕ್ ಶಬ್ದ ಕೇಳಿ ವೇಗ ಅಳೆಯುವ ಟೈಮ್‌ಗ್ರಾಫರ್ ಯಂತ್ರ ಈಗ ಸಣ್ಣ ಅಂಗಡಿಗಳ ಕೈಗೂ ಎಟುಕುತ್ತದೆ. ವಾಚನ್ನು ಒಪ್ಪಿಸುವಾಗ ಒಮ್ಮೆ, ಹಿಂದಕ್ಕೆ ಪಡೆಯುವಾಗ ಒಮ್ಮೆ, ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ, ಡಯಲ್ ಕೆಳಗೆ, ಕೀ ಕೆಳಗೆ ಎಂಬ ಕನಿಷ್ಠ ಮೂರು ಭಂಗಿಗಳಲ್ಲಿ ದಿನಕ್ಕೆಷ್ಟು ಸೆಕೆಂಡಿನ ವ್ಯತ್ಯಾಸ, ತೂಗಾಟ ಎಷ್ಟು ಡಿಗ್ರಿ ಎಂಬುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಆ ಯಂತ್ರದಲ್ಲಿ ಲಿಫ್ಟ್ ಆ್ಯಂಗಲ್ (ಪ್ಯಾಲೆಟ್ ಫೋರ್ಕಿನ ಸಂಪರ್ಕದಲ್ಲಿರುವಾಗ ಬ್ಯಾಲೆನ್ಸ್ ವೀಲ್ ತಿರುಗುವ ಕೋನ) ಅನ್ನು ಆಯಾ ವಾಚಿಗೆ ತಕ್ಕಂತೆ ಹೊಂದಿಸಿದ್ದಾರೆಯೇ ಎಂದೂ ವಿಚಾರಿಸಿ. ಅದು ತಪ್ಪಿದರೆ ಡಿಗ್ರಿಯ ಅಂಕಿಯೂ ತಪ್ಪುತ್ತದೆ.

– ಗಡಿಯಾರ ದುರಸ್ತಿಗಾರ, ತುಮಕೂರು