ಮಗಳಿಗೊಂದು ಪತ್ರ: ಲೆಟರ್ ಬಾಕ್ಸ್ ಮೇಲೆ ನಿನ್ನ ಹೆಸರಿರಲಿ

ಪ್ರೀತಿಯ ಪುಟ್ಟಿ,

ಸ್ಟುಟ್‌ಗಾರ್ಟ್‌ನಲ್ಲಿ ನೋಡಿದ ಎರಡು ಮನೆಗಳಲ್ಲಿ ಯಾವುದಕ್ಕೆ ಹೋಗಲಿ ಅಂತ ಕೇಳಿದ ನಿನ್ನ ಮೆಸೇಜ್ ಓದಿದೆ. ಅಮ್ಮನೂ ಓದಿದಳು. ಇಷ್ಟನ್ನೆಲ್ಲ ಫೋನಿನಲ್ಲಿ ಕುಟ್ಟೋಕೆ ಹೊರಟರೆ ನನ್ನ ಹೆಬ್ಬೆರಳು ಉಳಿಯೋದಿಲ್ಲ. ಅದಕ್ಕೆ ಕಾಗದದಲ್ಲೇ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ನಿಧಾನವಾಗಿ ಓದು. ಆದರೆ ಶುಕ್ರವಾರದೊಳಗೆ ಓದು, ಆ ಮನೆಯವರಿಗೆ ಉತ್ತರ ಹೇಳಬೇಕಲ್ವಾ.

ನೀನು ಹೇಳಿದ ಎರಡು ಮನೆಗಳನ್ನೂ ಲೆಕ್ಕ ಹಾಕಿದೆ. ಒಂದು ಫಾಯರ್‌ಬಾಖ್‌ನಲ್ಲಿ ನಮ್ಮ ಕಡೆಯ ಹುಡುಗಿಯರಿರುವ ಎರಡು ಕೋಣೆಯ ಮನೆ. ಈಗಾಗಲೇ ನಾಲ್ಕು ಜನ ಇದ್ದಾರೆ, ನೀನು ಐದನೆಯವಳು. ನೆಲದ ಮೇಲೆ ಹಾಸಿಗೆ, ತಿಂಗಳಿಗೆ 250 ಯೂರೋ, ಕಾಗದ ಪತ್ರ ಏನೂ ಇಲ್ಲ. ಇನ್ನೊಂದು ಬಾಡ್ ಕಾನ್‌ಸ್ಟಾಟ್‌ನ ವೇಗೇ, ಅಂದರೆ ಕೋಣೆ ಒಬ್ಬೊಬ್ಬರದು, ಉಳಿದ ಮನೆ ಎಲ್ಲರದು. ನಿನ್ನನ್ನೂ ಸೇರಿಸಿ ನಾಲ್ಕು ಜನ, ನಾಲ್ಕು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಎಲ್ಲ ಸೇರಿ 480 ಯೂರೋ, ಬರಹದಲ್ಲಿ ಕರಾರು.

ಕಾನ್‌ಸ್ಟಾಟ್‌ಗೆ ಹೋಗು. ತಿಂಗಳಿಗೆ 230 ಯೂರೋ ಜಾಸ್ತಿ ಅಂತ ಗೊತ್ತು. ನಿನ್ನ ವಿದ್ಯಾರ್ಥಿ ವೀಸಾಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ ನಾವಿಟ್ಟಿರೋದು ವರ್ಷಕ್ಕೆ 11,904 ಯೂರೋ, ತಿಂಗಳಿಗೆ ನಿನ್ನ ಕೈಗೆ ಬರೋದು 992. ಆರೋಗ್ಯ ವಿಮೆಗೆ 140–150 ಹೋಗುತ್ತೆ. ಬಾಡಿಗೆ 480 ಕಳೆದರೆ ಊಟ, ಓಡಾಟ, ಫೋನು ಎಲ್ಲಕ್ಕೂ 360 ಚಿಲ್ಲರೆ ಉಳಿಯುತ್ತೆ. ಬಿಗಿ, ಆದರೆ ನಡೆಯುತ್ತೆ. ಇದೇ ಮ್ಯೂನಿಕ್ ಆಗಿದ್ದರೆ ಕೋಣೆಗೇ 700–800 ಕೇಳುತ್ತಿದ್ದರು, ಆಗ ನಾನೂ ಬೇರೆ ಮಾತಾಡುತ್ತಿದ್ದೆ.

ಫಾಯರ್‌ಬಾಖ್ ಮನೆ ಯಾಕೆ ಬೇಡ ಅಂದರೆ, ಅಲ್ಲಿ ಐದು ಜನ ಅಂತಲ್ಲ. ಅಡುಗೋಡಿಯ ವಠಾರದಲ್ಲಿ ಒಂದೇ ಕೋಣೆಯಲ್ಲಿ ನಾವು ಎಷ್ಟು ಜನ ಮಲಗುತ್ತಿದ್ದೆವು ಅಂತ ನಿಮ್ಮ ಅತ್ತೆಯನ್ನು ಕೇಳು. ವಿಷಯ ಏನಂದ್ರೆ, ಆ ಮನೆಯಲ್ಲಿ ನೀನು ಕಾಗದದ ಮೇಲೆ ಇರೋದೇ ಇಲ್ಲ. ಜರ್ಮನಿಯಲ್ಲಿ ಹೊಸ ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಅದೇ ನೀವೆಲ್ಲ ದಿನಾ ಜಪಿಸುವ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. 2015ರಿಂದ ಇದು ಕಡ್ಡಾಯ. ಐದನೆಯವಳು ಇರುವ ವಿಷಯವೇ ಮಾಲೀಕರಿಗೆ ಗೊತ್ತಿಲ್ಲ ಅಂದಮೇಲೆ ಸಹಿ ಯಾರು ಹಾಕುತ್ತಾರೆ?

ಆ ಒಂದು ಚೀಟಿ ಇಲ್ಲದಿದ್ದರೆ ಮುಂದಿನದೆಲ್ಲ ಅಲ್ಲೇ ನಿಲ್ಲುತ್ತೆ. ವಿಳಾಸ ಬರೆಸಿದ ಮೇಲೇ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರೋದು. ಆ ನಂಬರ್ ಕೊಡದಿದ್ದರೆ ಪಾರ್ಟ್ ಟೈಮ್ ಕೆಲಸದ ಸಂಬಳದಲ್ಲಿ ಎಲ್ಲಕ್ಕಿಂತ ಜಾಸ್ತಿ ತೆರಿಗೆಯ ದರ್ಜೆಗೆ ಹಾಕಿ ಕಡಿತ ಮಾಡುತ್ತಾರೆ. ವೀಸಾ ಮುಂದುವರಿಸೋಕೂ ಅದೇ ವಿಳಾಸ ಬೇಕು. "ದುಡ್ಡು ಕೊಟ್ಟರೆ ಬೇರೆ ಕಡೆ ವಿಳಾಸ ಮಾಡಿಸಿಕೊಡ್ತಾರೆ" ಅಂತ ನಿನ್ನ ಗೆಳತಿ ಅಂದಳಲ್ಲ, ಆ ತಂಟೆಗೆ ಹೋಗಲೇಬೇಡ. ವಾಸ ಇಲ್ಲದ ಮನೆಯ ವಿಳಾಸ ಬರೆಸೋದು ಅಲ್ಲಿ ದಂಡ ಬೀಳುವ ತಪ್ಪು. ಆ ಹುಡುಗಿಯರ ಮೇಲೆ ನನಗೇನೂ ಬೇಸರ ಇಲ್ಲ. ಭಾನುವಾರ ಹೋಗಿ ಬಿಸಿಬೇಳೆಬಾತ್ ತಿಂದು ಬಾ, ರಾತ್ರಿ ಅಲ್ಲೇ ಉಳಿದುಕೋ. ವಾಸ ಮಾತ್ರ ಬೇಡ.

ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಬಾಗಿಲಿಗೆ ನಂಬರ್ ಇರೋದಿಲ್ಲ, ಗಮನಿಸಿದೆಯಾ? ಕರೆಗಂಟೆಯ ಪಕ್ಕ ಹೆಸರು, ಲೆಟರ್ ಬಾಕ್ಸ್ ಮೇಲೆ ಹೆಸರು, ಅಷ್ಟೇ. ಹೆಸರು ಕಾಣದಿದ್ದರೆ ಪೋಸ್ಟಿನವರು ಕಾಗದವನ್ನು ವಾಪಸ್ ಒಯ್ಯುತ್ತಾರೆ. ತೊಂಬತ್ತರ ದಶಕದಲ್ಲಿ ಮೈಕೋ ಕಂಪನಿಯಿಂದ ಟ್ರೈನಿಂಗಿಗೆ ಅಂತ ನನ್ನನ್ನು ಸ್ಟುಟ್‌ಗಾರ್ಟ್‌ಗೆ ಕಳಿಸಿದ್ದಾಗ ನಿಮ್ಮ ತಾತ ಬರೆದ ಕಾಗದ ಹೀಗೇ ಊರಿಗೆ ಮರಳಿತ್ತು. ನಾವು ಮೂವರು ಒಂದು ಮನೆಯಲ್ಲಿದ್ದೆವು, ಡಬ್ಬಿಯ ಮೇಲೆ ಮಾತ್ರ ಮೊದಲಿದ್ದವರ ಹೆಸರೇ ಇತ್ತು. ಮರುದಿನವೇ ಬಿಳಿ ಕಾಗದದ ಚೂರಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಸೆಲ್ಲೋಟೇಪ್ ಹಾಕಿದೆ. ನೀನು ಸೂಟ್‌ಕೇಸ್ ಇಳಿಸುವ ಮೊದಲು ಮಾಡಬೇಕಾದ ಕೆಲಸ ಅದು.

ಇನ್ನು ಕಾನ್‌ಸ್ಟಾಟ್‌ ಮನೆಯವರು ನಿನ್ನನ್ನು ಆರಿಸಿದ ರೀತಿ ಹೇಳಿದೆಯಲ್ಲ, ಅಮ್ಮ ನಕ್ಕಿದ್ದೇ ನಕ್ಕಿದ್ದು. ಮೂರು ಜನ ಎದುರಿಗೆ ಕೂತು, ಕಾಫಿ ಕೊಟ್ಟು, ಅಡುಗೆ ಬರುತ್ತಾ, ಎಷ್ಟು ಗಂಟೆಗೆ ಏಳ್ತೀಯ, ಪಾರ್ಟಿ ಇಷ್ಟವಾ ಅಂತ ಕೇಳಿ, "ಆಮೇಲೆ ತಿಳಿಸ್ತೀವಿ" ಅಂದರಂತೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು ಒಂದು ಕಮ್ಮಿ. ಆದರೆ ಅವರು ಮಾಡಿದ್ದು ಸರಿಯೇ. ಒಂದೇ ಬಚ್ಚಲು ಹಂಚಿಕೊಳ್ಳುವವರು ಮೊದಲೇ ಮುಖ ನೋಡಿ ಮಾತಾಡಬೇಕು. ಬಾಡಿಗೆ ಹಂಚಿಕೊಳ್ಳೋಕಷ್ಟೇ ಸೇರಿದ ಮನೆಗೆ ಅಲ್ಲಿ ಝ್ವೆಕ್ ವೇಗೇ ಅಂತಾರೆ, ಅದು ತಮಗೆ ಬೇಡ ಅಂತ ಜಾಹೀರಾತಿನಲ್ಲೇ ಬರೆಯುತ್ತಾರೆ. ಅವರಿಗೆ ಬೇಕಿರೋದು ಸಂಜೆ ಅಡುಗೆಮನೆಯ ಮೇಜಿನ ಹತ್ತಿರ ಕೂತು ನಾಲ್ಕು ಮಾತಾಡುವವರು. ನಿನ್ನನ್ನು ಆರಿಸಿದ್ದಾರೆ ಅಂದರೆ ಕೂತು ಮಾತಾಡ್ತೀಯ ಅಂತಲೇ. ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಅನ್ನ ಉಣ್ಣಬೇಡ.

ಆ ಮನೆಯಲ್ಲಿ ಇಬ್ಬರು ಹುಡುಗರಿದ್ದಾರೆ ಅನ್ನೋದು ಅಮ್ಮನ ಚಿಂತೆ. ನನಗಿಲ್ಲ. ನಿನ್ನ ಕೋಣೆಗೆ ಬೇರೆ ಬೀಗ ಇದೆಯಾ ಅಂತ ಮಾತ್ರ ನೋಡಿಕೋ. ಅಮ್ಮನಿಗೆ ನಾನು ಹೇಳ್ತೀನಿ. ಅಜ್ಜಿಗೆ ಮಾತ್ರ ಫ್ರಿಜ್ಜಿನ ವಿಷಯ ಬಾಯಿ ಬಿಡಬೇಡ. ನಿನ್ನ ಮೊಸರಿನ ಕೆಳಗಿನ ತಟ್ಟೆಯಲ್ಲಿ ಏನಿದೆ ಅಂತ ಗೊತ್ತಾದರೆ ಅವರು ನಿನ್ನ ಹೆಸರಲ್ಲಿ ವ್ರತ ಹಿಡಿದಾರು. ನಿನಗೆ ಒಂದು ಬಾಣಲೆ, ಒಂದು ಪಾತ್ರೆ, ಒಂದು ಸೌಟು ಬೇರೆ ಇಟ್ಟುಕೋ. "ಇದರಲ್ಲಿ ಮಾಂಸ ಬೇಡ, ದಯವಿಟ್ಟು" ಅಂತ ಮೊದಲ ದಿನವೇ ಹೇಳು. ಅಲ್ಲಿ ಸಸ್ಯಾಹಾರಿಗಳು ಬೇಕಾದಷ್ಟಿದ್ದಾರೆ, ಯಾರೂ ತಪ್ಪು ತಿಳಿಯೋದಿಲ್ಲ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಸದ್ಯಕ್ಕೆ ನೀನಿರುವ ಮನೆಯಲ್ಲಿ ಎಲ್ಲರ ತಟ್ಟೆಯನ್ನೂ ನೀನೇ ತೊಳೀತಿದ್ದೀಯಂತೆ, ಅಮ್ಮನ ಹತ್ತಿರ ಹೇಳಿಕೊಂಡೆಯಂತೆ. ಅವರ ಹತ್ತಿರ ಹೇಳಿದೆಯಾ? ನಮ್ಮ ಮನೆಯಲ್ಲಿ ನೀನು ಮುಖ ಊದಿಸಿಕೊಂಡರೆ ಎರಡು ನಿಮಿಷದಲ್ಲಿ ಅಮ್ಮನಿಗೆ ಗೊತ್ತಾಗುತ್ತೆ. ಅಲ್ಲಿ ಮುಖ ಊದಿಸಿಕೊಂಡರೆ ಹಲ್ಲುನೋವು ಅಂದುಕೊಳ್ಳುತ್ತಾರೆ. ನೀನು ಅಲ್ಲಿ ನೆಂಟಳಲ್ಲ, ಬಾಡಿಗೆ ಕೊಡುವವಳು. ನೆಂಟರು ಸುಮ್ನೆ ಸಹಿಸಿಕೊಂಡು ನಾಲ್ಕನೇ ದಿನ ಊರಿಗೆ ಹೋಗುತ್ತಾರೆ. ನೀನು ಎರಡು ವರ್ಷ ಇರಬೇಕು. "ಈ ವಾರ ನಾನು ಮೂರು ಸಲ ತೊಳೆದೆ, ಇವತ್ತು ನೀವು ತೊಳೀರಿ" ಅನ್ನು. ನಮಗೆ ಒರಟಾಗಿ ಕೇಳುತ್ತೆ, ಅವರಿಗೆ ಅದು ಬರೀ ಮಾಹಿತಿ. ನಿನ್ನದು ಬಾಕಿ ಇದ್ದರೆ ಅವರೂ ಹಾಗೇ ಹೇಳುತ್ತಾರೆ, ಆಗ ಅಳಬೇಡ.

ಸ್ಟುಟ್‌ಗಾರ್ಟ್‌ನವರಿಗೆ ಇದರ ಮೇಲೆ ಕೇರ್‌ವೋಖೆ ಅಂತ ಒಂದಿದೆ. ಮನೆಯೊಳಗಿನ ಕ್ಲೀನಿಂಗ್ ಪಟ್ಟಿ ಬೇರೆ, ಇದು ಇಡೀ ಕಟ್ಟಡದ್ದು. ಒಂದು ಸಣ್ಣ ಬೋರ್ಡ್ ಇರುತ್ತೆ. ಅದು ಯಾರ ಬಾಗಿಲಿಗೆ ನೇತಾಡುತ್ತೋ ಆ ವಾರ ಅವರು ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿ ಬಂದರೆ ಹೊರಗಿನ ಫುಟ್‌ಪಾತೂ ನಿಮ್ಮದೇ, ಚಳಿಗಾಲದಲ್ಲಿ ಹಿಮವೂ ನಿಮ್ಮದೇ. ಊರಿನ ಕಟ್ಟಳೆಯಾಗಿ ಇದನ್ನು 1988ರಲ್ಲೇ ತೆಗೆದರು. ಆದರೆ ಬಾಡಿಗೆ ಕರಾರುಗಳಲ್ಲಿ ಉಳಿದುಕೊಂಡಿದೆ, ಜನರ ತಲೆಯಲ್ಲಂತೂ ಗಟ್ಟಿಯಾಗಿ ಉಳಿದಿದೆ. ನಾನು ಅಲ್ಲಿದ್ದಾಗ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ನಾವು ನೀರು ಚಿಮುಕಿಸಿ ಒರೆಸಿದ ಶಾಸ್ತ್ರ ಮಾಡಿ, ಬೋರ್ಡನ್ನು ಎದುರು ಮನೆಗೆ ದಾಟಿಸಿ ಬಂದರೆ, ಬೆಳಗ್ಗೆ ಅದು ಮತ್ತೆ ನಮ್ಮ ಬಾಗಿಲಲ್ಲೇ! ಒಂದು ಮಾತಿಲ್ಲ, ಜಗಳವಿಲ್ಲ. ಮೂಲೆಯ ಧೂಳು ಹೋದ ಮೇಲೇ ಬೋರ್ಡ್ ಮುಂದೆ ಹೋಗುತ್ತಿತ್ತು.

ಕರಾರಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಗಮನ ಕೊಡು. ವೇಗೇಗಳಲ್ಲಿ ಮೂರು ತರಹದ ಕರಾರು ಇರುತ್ತೆ. ಒಬ್ಬರ ಹೆಸರಲ್ಲಿ ಮನೆ, ಉಳಿದವರು ಅವರ ಕೈಕೆಳಗಿನ ಬಾಡಿಗೆದಾರರು. ಹೀಗಿದ್ದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇದೆಯಾ ಕೇಳು. ಅಷ್ಟೇ ಅಲ್ಲ, ಆ ಒಬ್ಬರು ಮನೆ ಬಿಟ್ಟರೆ ನಿನ್ನ ಕಾಲಡಿಯ ನೆಲವೂ ಹೋಗುತ್ತೆ. ಎರಡನೆಯದು, ನಾಲ್ವರೂ ಒಟ್ಟಿಗೆ ಸಹಿ ಹಾಕೋದು. ಇದು ಗಟ್ಟಿ, ಆದರೆ ಒಬ್ಬರು ಬಾಡಿಗೆ ತಪ್ಪಿಸಿದರೆ ಮಾಲೀಕರು ಪೂರ್ತಿ ಹಣವನ್ನು ನಿಮ್ಮಲ್ಲಿ ಯಾರ ಹತ್ತಿರ ಬೇಕಾದರೂ ಕೇಳಬಹುದು. ಮೂರನೆಯದು, ಕೋಣೆಗೊಂದು ಬೇರೆ ಕರಾರು. ನಿನ್ನಂಥ ಹೊಸಬರಿಗೆ ಇದೇ ವಾಸಿ. ಕಾನ್‌ಸ್ಟಾಟ್‌ನದು ಯಾವುದು ಅಂತ ನೀನು ಹೇಳಲೇ ಇಲ್ಲ. ಕೇಳಿ ತಿಳಿಸು. ಎರಡನೆಯದಾದರೂ ನಾನು ಬೇಡ ಅನ್ನೋದಿಲ್ಲ, ಆ ಮೂವರಿಗೆ ಬಾಡಿಗೆ ಕಟ್ಟುವಷ್ಟು ಆದಾಯ ಇದೆಯಾ ಅಂತ ಮಾತ್ರ ನಾಚಿಕೆ ಬಿಟ್ಟು ಕೇಳು. ನಿನ್ನನ್ನು ಅವರು ಕೇಳಲಿಲ್ವಾ?

480ರಲ್ಲಿ ಬಿಸಿ ಬಾಡಿಗೆ, ತಣ್ಣನೆ ಬಾಡಿಗೆ ಬಿಡಿಸಿ ನೋಡು. ಕೋಣೆಗೆ ಮಾತ್ರ ಕೊಡೋದು ತಣ್ಣನೆ, ಮೇಲಿನ ಖರ್ಚು ಸೇರಿದರೆ ಬಿಸಿ. ಕೋಣೆಗೆ ಮಾತ್ರ 380, ಉಳಿದ ನೂರು ಹೀಟಿಂಗ್, ನೀರು, ಕಸಕ್ಕೆ ಅಂದೆ. ಕರೆಂಟು, ಇಂಟರ್ನೆಟ್ ಆ ನೂರರಲ್ಲಿದೆಯಾ? ಅಲ್ಲಿನ ಟಿವಿ ರೇಡಿಯೋ ಶುಲ್ಕ ಮನೆಗೊಂದು, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಒಬ್ಬರು ಕಟ್ಟಿದರೆ ಸಾಕು, ನೀನು ನಾಲ್ಕನೇ ಒಂದು ಭಾಗ ಕೊಡು. ನಿನ್ನ ಹೆಸರಿಗೆ ಬೇರೆ ನೋಟಿಸ್ ಬಂದರೆ ಹೆದರಬೇಡ, ಕಟ್ಟುತ್ತಿರುವವರ ನಂಬರ್ ಬರೆದು ಉತ್ತರಿಸು.

ಹೋದ ಕೂಡಲೇ ಕೋಣೆಯ ಗೋಡೆ, ಕಿಟಕಿ, ನೆಲ ಎಲ್ಲದರ ಫೋಟೋ ತೆಗೆದಿಡು. ಅದರಲ್ಲೂ ಕಿಟಕಿಯ ಮೂಲೆಗಳನ್ನು. ಅಲ್ಲಿ ಮನೆಗಳ ದೊಡ್ಡ ರೋಗ ಬೂಸ್ಟು. ಚಳಿ ಅಂತ ಕಿಟಕಿ ಮುಚ್ಚಿಕೊಂಡು ಅನ್ನ ಸಾರು ಕುದಿಸಿದರೆ ಹಬೆ ಹೋಗಿ ತಣ್ಣನೆ ಗೋಡೆಗೆ ಕೂರುತ್ತೆ, ವಾರದಲ್ಲಿ ಕಪ್ಪು ಚುಕ್ಕೆ. ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸು, ಆಗ ಹೀಟರ್ ಬಂದ್ ಮಾಡು. ಅವರು ಇದನ್ನು ಬಹಳ ಗಂಭೀರವಾಗಿ ತಗೋತಾರೆ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆ. ಒಣಮೆಣಸಿನಕಾಯಿಯ ಘಾಟು ಹಜಾರಕ್ಕೆ ಹೋದರೆ ಮೂವರೂ ಕೆಮ್ಮುತ್ತಾರೆ, ಮೇಲಿಂದ ಹೊಗೆ ಅಲಾರಾಂ ಕಿರುಚುತ್ತೆ. ರಾತ್ರಿ ಹತ್ತರ ಮೇಲೆ ಮಿಕ್ಸಿ ಬೇಡ, ಭಾನುವಾರವೂ ಬೇಡ. ದೋಸೆ ಹಿಟ್ಟು ಶನಿವಾರ ಮಧ್ಯಾಹ್ನವೇ ರುಬ್ಬಿಡು.

ಹೊಣೆಗಾರಿಕೆ ವಿಮೆ ಅಂತ ಒಂದಿದೆ, ಹಾಫ್ಟ್‌ಫ್ಲಿಖ್ಟ್. ನಿನ್ನಿಂದ ಬೇರೆಯವರಿಗೆ ಆದ ನಷ್ಟ ಕಟ್ಟಿಕೊಡುವ ವಿಮೆ. ವರ್ಷಕ್ಕೆ ಸಣ್ಣ ಮೊತ್ತ. ಬಾಡಿಗೆ ಮನೆಯ ಬೀಗದ ಕೈ ಕಳೆದರೂ ಹಣ ಕೊಡುವಂಥದ್ದನ್ನೇ ಮಾಡಿಸು. ಆ ಕಟ್ಟಡಗಳಲ್ಲಿ ಕೆಳಗಿನ ದೊಡ್ಡ ಬಾಗಿಲಿಗೂ ನಿನ್ನ ಮನೆಗೂ ಒಂದೇ ಕೈ ಇರಬಹುದು. ಅದು ಕಳೆದರೆ ಎಲ್ಲರ ಬೀಗ ಬದಲಿಸುವ ಖರ್ಚು ನಿನ್ನ ತಲೆಗೆ ಬರಬಹುದು.

ಹಾಸ್ಟೆಲ್ ವೇಟಿಂಗ್ ಲಿಸ್ಟಿನಿಂದ ಹೆಸರು ತೆಗೆಸಬೇಡ, ಇದ್ದರೆ ಇರಲಿ. ನಿನ್ನ ಗೆಳತಿಗೆ ಇನ್ನೂ ಮನೆ ಸಿಕ್ಕಿಲ್ಲ ಅಂದೆಯಲ್ಲ. ಅವಳು ಫ್ರೈಬುರ್ಗ್‌ಗೆ ಹೋಗುವುದಾದರೆ ಅಲ್ಲಿ, ಕೊಲೋನ್‌ನಲ್ಲೂ ಸಹ, ಒಂಟಿ ಹಿರಿಯರ ಮನೆಯಲ್ಲಿ ಕೋಣೆ ಪಡೆಯುವ ಏರ್ಪಾಡಿದೆ. ಕೋಣೆಯ ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ಕೆಲಸ: ತರಕಾರಿ ತರೋದು, ತೋಟಕ್ಕೆ ನೀರು ಹಾಕೋದು, ಇಂಥವು. ಬಾಡಿಗೆ ಇಲ್ಲ, ಕರೆಂಟು ನೀರಿನ ಖರ್ಚು ಮಾತ್ರ. ಅವಳು ಮಾತುಗಾರ್ತಿ, ಅಜ್ಜ ಅಜ್ಜಿಯರಿಗೆ ಹಿಡಿಸುತ್ತಾಳೆ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಕೀಲಿ ಕೈ ಪಾರ್ಸೆಲ್ ಮಾಡ್ತೀನಿ" ಅನ್ನುವ ಮಾಲೀಕರಿಗೆ ಮಾತ್ರ ಅವಳು ಬಿಡಿಗಾಸೂ ಕಳಿಸದಿರಲಿ. ಅಂಥ ಮನೆಯೇ ಇರೋದಿಲ್ಲ.

ಇನ್ನು ಅಡ್ವಾನ್ಸ್. ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ, ಸದ್ಯ. ತಣ್ಣನೆ ಬಾಡಿಗೆಯ ಮೂರು ಪಟ್ಟು ಮೀರಿ ಕೇಳುವ ಹಾಗಿಲ್ಲ, ನಿನಗೆ 1,140 ಯೂರೋ. ಅದನ್ನೂ ಮೂರು ಸಮ ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಹಾಗಾಗಿ ಮೊದಲಿಗೆ 380 ಸಾಕು, ಅಮ್ಮನ ಚೀಟಿ ಹಣ ಈ ತಿಂಗಳು ಬರುತ್ತೆ, ಅದರಲ್ಲೇ ಹೊಂದಿಸುತ್ತೇವೆ. ನಗದು ಕೊಡಬೇಡ, ಬ್ಯಾಂಕಿನಿಂದಲೇ ಕಳಿಸು, ರಸೀದಿ ಇಟ್ಟುಕೋ. ಸಹಿ ಹಾಕುವ ಮುಂಚೆ ಕರಾರಿನ ಎಲ್ಲ ಹಾಳೆಗಳ ಫೋಟೋ ನನಗೆ ಕಳಿಸು. ಜರ್ಮನ್ ಈಗ ತುಕ್ಕು ಹಿಡಿದಿದೆ, ಆದರೂ ಕನ್ನಡಕ ಹಾಕಿಕೊಂಡು ಓದುತ್ತೇನೆ. ಸೋಮವಾರ ಬ್ಯಾಂಕಿಗೆ ಹೋಗುವವನಿದ್ದೇನೆ, ಅಷ್ಟರೊಳಗೆ ಸಿಕ್ಕರೆ ಒಳ್ಳೇದು.

ನಿನ್ನ ಅಪ್ಪ