ಹಾಡು ಸಿದ್ಧ, ಫೈಲ್ ಮಾತ್ರ ಹೊರಬರುವುದಿಲ್ಲ

ಮಾನ್ಯರೇ,

ಕಾವೇರಿ ಸಂಕ್ರಮಣ, ಪುತ್ತರಿ ಹತ್ತಿರವಾದಂತೆ ಕೊಡಗಿನ ಸಣ್ಣಪುಟ್ಟ ಸ್ಟುಡಿಯೋಗಳಲ್ಲಿ ಹಬ್ಬದ ಹಾಡುಗಳ ಕೆಲಸ ಜೋರಾಗುತ್ತದೆ. ದುಡಿ, ಕೊಂಬು, ವಾಲಗ, ಜೊತೆಗೆ ಕೀಬೋರ್ಡ್, ಕೋರಸ್ ಎಲ್ಲ ಸೇರಿದರೆ ಒಂದು ಹಾಡಿಗೆ ಅರವತ್ತು ಟ್ರ್ಯಾಕ್ (ಬೇರೆಬೇರೆ ಧ್ವನಿಪದರ) ಸುಲಭವಾಗಿ ಆಗುತ್ತದೆ. ಮಿಕ್ಸಿಂಗ್ ಮುಗಿಸಿ, ಹಾಡನ್ನು ಫೈಲ್ ಆಗಿ ಹೊರತೆಗೆಯುವ ಎಕ್ಸ್‌ಪೋರ್ಟ್ ಒತ್ತಿದಾಗ ಶೇ 70ಕ್ಕೆ ಬಂದು ನಿಂತರೆ, ತಕ್ಷಣ ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕುವವರೇ ಹೆಚ್ಚು. ಇದು ಕೊನೆಗೆ ಮಾಡಬೇಕಾದ ಕೆಲಸ. ಮೊದಲೇ ಮಾಡಿದರೆ ಪ್ಲಗಿನ್‌ಗಳ (ಸಾಫ್ಟ್‌ವೇರಿಗೆ ಸೇರಿಸುವ ವಾದ್ಯ, ಪರಿಣಾಮಗಳ ಕಿರುತಂತ್ರಾಂಶ) ಲೈಸೆನ್ಸ್ ಹೋಗಿ, ಒಂದಿದ್ದ ತೊಂದರೆ ಎರಡಾಗಬಹುದು.

ಮೊದಲು ಅದೇ ಹಾಡನ್ನು ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ, ಎಲ್ಲಿ ನಿಲ್ಲುತ್ತದೆ ನೋಡಬೇಕು. ಎರಡೂ ಸಲ ಒಂದೇ ಜಾಗದಲ್ಲಿ ನಿಂತರೆ ತಪ್ಪು ಬಹುಮಟ್ಟಿಗೆ ಪ್ರಾಜೆಕ್ಟಿನ ಒಳಗೇ ಇದೆ: ಆ ಜಾಗದಲ್ಲಿ ಕೆಟ್ಟ ಆಡಿಯೋ ಫೈಲ್ ಇರಬಹುದು, ಅಲ್ಲಿ ಶುರುವಾಗುವ ಪ್ಲಗಿನ್ ಇರಬಹುದು. ಸಲಕ್ಕೊಂದು ಕಡೆ ನಿಂತರೆ ಯಂತ್ರದ ಕಡೆ ತಿರುಗಬೇಕು. ರ್‍ಯಾಮ್ ಸಾಲದೆ ಹೋಗಿರಬಹುದು, ಲ್ಯಾಪ್‌ಟಾಪ್ ಬಿಸಿಯಾಗಿರಬಹುದು, ಡಿಸ್ಕ್ ತುಂಬಿರಬಹುದು.

ಡಿಸ್ಕಿನ ಲೆಕ್ಕವನ್ನು ಬಹಳ ಮಂದಿ ಹಾಕುವುದೇ ಇಲ್ಲ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ವೇವ್ ಫೈಲ್ ನಿಮಿಷಕ್ಕೆ ಸುಮಾರು 17 ಎಂಬಿ. ಆರು ನಿಮಿಷದ ಹಾಡಿನ 60 ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ತೆಗೆದರೆ 6 ಜಿಬಿ ದಾಟುತ್ತದೆ. ಒಂದೇ ಮೈಕಿನ ದುಡಿಯನ್ನೂ ಸ್ಟೀರಿಯೋ ಮಾಡಿ ತೆಗೆಯುವುದು ಸುಮ್ಮನೆ ದಂಡ, ಮೋನೋ ಇಟ್ಟರೆ ಅರ್ಧ ಜಾಗ ಸಾಕು. ಸಾಲದ್ದಕ್ಕೆ ಕೆಲವು ಸಾಫ್ಟ್‌ವೇರ್‌ಗಳು ತಾತ್ಕಾಲಿಕ ಫೈಲ್‌ಗಳನ್ನು ಸಿ ಡ್ರೈವ್‌ನಲ್ಲಿ ಬರೆಯುತ್ತವೆ. ಹಾಡು ಇರುವ ಡ್ರೈವ್ ಖಾಲಿಯಿದ್ದರೂ ಸಿ ಡ್ರೈವ್‌ನಲ್ಲಿ ಜಾಗವಿಲ್ಲದೆ ಕೆಲಸ ನಿಲ್ಲುತ್ತದೆ.

ದುಡಿ ಹಿಡಿದು ಗಂಟೆಗಟ್ಟಲೆ ಹಾಡುವ ಹಾಡುಗಳನ್ನು ದಾಖಲಿಸುವವರು ಇನ್ನೊಂದು ಮಿತಿ ತಿಳಿದಿರಬೇಕು. ಸಾಮಾನ್ಯ ವೇವ್ ಫೈಲ್ ತನ್ನ ಗಾತ್ರವನ್ನು 32 ಬಿಟ್ ಸಂಖ್ಯೆಯಲ್ಲಿ ಬರೆದಿಡುವುದರಿಂದ 4 ಜಿಬಿ ಮೀರಿ ಬೆಳೆಯಲಾರದು. ಕೆಲವು ಹಳೆಯ ಸಾಫ್ಟ್‌ವೇರ್‌ಗಳು 2 ಜಿಬಿಗೇ ಮುಗ್ಗರಿಸುತ್ತವೆ. 96 ಕಿಲೋಹರ್ಟ್ಸ್, 32 ಬಿಟ್ ಫ್ಲೋಟ್ ಸ್ಟೀರಿಯೋದಲ್ಲಿ ಒಂದೂವರೆ ಗಂಟೆಗೇ 4 ಜಿಬಿ ಮಿತಿ ಎದುರಾಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಳಿಸಿದರೆ ನಾಲ್ಕು ಗಂಟೆ ತಡೆಯುತ್ತದೆ. ಇಲ್ಲವೇ 4 ಜಿಬಿ ಮೀರಬಲ್ಲ ಆರ್‌ಎಫ್64 ಎಂಬ ವೇವ್ ಬಗೆಯನ್ನು ಆಯ್ದುಕೊಳ್ಳಬೇಕು.

ಜಾಗ ಸಾಕಷ್ಟಿದ್ದೂ ನಿಂತರೆ ಪ್ರಾಜೆಕ್ಟಿನ ಪ್ರತಿ ತೆಗೆದಿಟ್ಟು, ಆ ಪ್ರತಿಯಲ್ಲಿ ಅರ್ಧದಷ್ಟು ಪ್ಲಗಿನ್‌ಗಳನ್ನು ಪೂರ್ತಿ ಆಫ್‌ಲೈನ್ ಮಾಡಿ ಎಕ್ಸ್‌ಪೋರ್ಟ್ ಕೊಡಿ. ಎಕ್ಸ್‌ಪೋರ್ಟ್ ಮುಗಿದರೆ ತಪ್ಪು ಆಫ್ ಮಾಡಿದ ಅರ್ಧದಲ್ಲಿದೆ, ನಿಂತರೆ ಉಳಿದ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 64 ಪ್ಲಗಿನ್‌ಗಳಲ್ಲಿ ಕೆಟ್ಟ ಒಂದನ್ನು ಆರು ಸುತ್ತಿನಲ್ಲಿ ಹಿಡಿಯಬಹುದು. ಬರೀ ಬೈಪಾಸ್ (ಪ್ಲಗಿನ್ ಇದ್ದಲ್ಲೇ ಇಟ್ಟು ಅದರ ಪರಿಣಾಮ ತಡೆಯುವುದು) ಸಾಲದು, ಬೈಪಾಸ್ ಆದ ಪ್ಲಗಿನ್ ರ್‍ಯಾಮ್‌ನಲ್ಲಿ ಕೂತೇ ಇರುತ್ತದೆ. ಸಿಕ್ಕ ಮೇಲೆ ಆ ಟ್ರ್ಯಾಕನ್ನು ಫ್ರೀಜ್ ಮಾಡಿ ಆಡಿಯೋ ಆಗಿಸಿದರೆ ಬಹುಮಟ್ಟಿಗೆ ಮುಗಿಯಿತು.

ಎಕ್ಸ್‌ಪೋರ್ಟ್ ನಿಲ್ಲದೆ ಮುಗಿದು, ಕೇಳಿದಾಗ ಕೀಬೋರ್ಡ್ ಸ್ವರಗಳು ಅಲ್ಲಲ್ಲಿ ಮಾಯವಾಗಿದ್ದರೆ ಸ್ಯಾಂಪ್ಲರ್ (ಮುದ್ರಿಸಿಟ್ಟ ಸ್ವರಗಳನ್ನು ನುಡಿಸುವ ಪ್ಲಗಿನ್) ಮೇಲೆ ಅನುಮಾನ ಪಡಿ. ಅದು ದೊಡ್ಡ ವಾದ್ಯಸಂಗ್ರಹವನ್ನು ಡಿಸ್ಕಿನಿಂದ ಸ್ವಲ್ಪ ಸ್ವಲ್ಪವೇ ಓದುತ್ತದೆ. ಎಕ್ಸ್‌ಪೋರ್ಟ್ ಹಾಡಿಗಿಂತ ಹತ್ತು ಪಟ್ಟು ವೇಗದಲ್ಲಿ ಓಡಿದಾಗ ಡಿಸ್ಕ್ ಹಿಂದೆ ಬೀಳುತ್ತದೆ. ರಿಯಲ್ ಟೈಮ್ ಆಯ್ಕೆ ಒತ್ತಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಂಸ್ಕರಿಸುವ ಧ್ವನಿಯ ತುಣುಕು) 1024ಕ್ಕೆ ಏರಿಸಿ, ಹಾಡಿನಷ್ಟೇ ಹೊತ್ತು ಕಾಯಬೇಕು. ಕಾಯುವ ಆ ಆರು ನಿಮಿಷದಲ್ಲಿ ಹಾಡನ್ನು ಪೂರ್ತಿ ಕೇಳಿದ ಹಾಗೂ ಆಯಿತು.

ನಮ್ಮ ಜಿಲ್ಲೆಗೆ ಮಳೆಗಾಲದ ಕಾಟ ಬೇರೆ. ಇಂಟರ್‌ನೆಟ್ ಮೂಲಕವೇ ಲೈಸೆನ್ಸ್ ಖಚಿತಪಡಿಸಿಕೊಳ್ಳುವ ಪ್ಲಗಿನ್‌ಗಳು ನೆಟ್‌ವರ್ಕ್ ಹೋದಾಗ ಕೆಲಸ ನಿಲ್ಲಿಸಬಹುದು. ಅವಕಾಶವಿದ್ದರೆ ಮೇ ತಿಂಗಳಲ್ಲೇ ಲೈಸೆನ್ಸನ್ನು ಕಂಪ್ಯೂಟರಿಗೇ ಇಳಿಸಿಕೊಳ್ಳುವುದು ಮೇಲು. ಕರೆಂಟು ಹೋಗಿ ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪ್ ಪ್ರೊಸೆಸರಿನ ವೇಗ ತಗ್ಗಿಸುವುದರಿಂದ ರಿಯಲ್ ಟೈಮ್ ಎಕ್ಸ್‌ಪೋರ್ಟ್‌ನಲ್ಲಿ ಚಟಪಟ ಸದ್ದು ಸೇರಬಹುದು. ಹೊರಗಿನ ಹಾರ್ಡ್ ಡಿಸ್ಕ್ ಪ್ರತ್ಯೇಕ ಕರೆಂಟಿನಲ್ಲಿ ಓಡುವಂಥದ್ದಾದರೆ ಅದಕ್ಕೂ ಯುಪಿಎಸ್ ಬೇಕು.

ಸಣ್ಣ ಎಡವಟ್ಟುಗಳೂ ಇವೆ. ಯಾವುದೋ ಟ್ರ್ಯಾಕಿನ ಸೋಲೋ ಗುಂಡಿ ಒತ್ತಿದ್ದು ಮರೆತರೆ ಉಳಿದ ವಾದ್ಯಗಳೆಲ್ಲ ಮೌನ. 44.1 ಕಿಲೋಹರ್ಟ್ಸ್‌ನಲ್ಲಿ ಹಾಡಿದ ಧ್ವನಿಯನ್ನು ಪರಿವರ್ತಿಸದೆ 48 ಕಿಲೋಹರ್ಟ್ಸ್ ಪ್ರಾಜೆಕ್ಟಿಗೆ ಎಳೆದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ. ಕೊನೆಯ ಸ್ವರಕ್ಕೇ ಎಕ್ಸ್‌ಪೋರ್ಟ್ ಗಡಿ ಹಾಕಿದರೆ ಸ್ವರದ ಹಿಂದೆ ಉಳಿಯುವ ಗುಂಗು (ರಿವರ್ಬ್) ಕತ್ತರಿಸಿಹೋಗುತ್ತದೆ, ಐದಾರು ಸೆಕೆಂಡ್ ಹೆಚ್ಚಿಗೆ ಬಿಡಿ. ವಿಂಡೋಸ್‌ನಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಫೈಲಿನ ಪೂರ್ತಿ ವಿಳಾಸವನ್ನು (ಪಾತ್) 260 ಅಕ್ಷರ ದಾಟಿಸಿದರೂ ಹಲವು ಸಾಫ್ಟ್‌ವೇರ್‌ಗಳಿಗೆ ಫೈಲ್ ಬರೆಯಲು ಬರುವುದಿಲ್ಲ.

ಕೊಡವ ತಕ್ಕಿನದಾಗಲಿ ಅರೆಭಾಷೆಯದಾಗಲಿ, ಹಾಡಿಗೆ ಹಣ ಕೊಡುವ ಸಂಘ, ಸಮಾಜಗಳಿಗೆ ಒಂದು ಮಾತು: ಬರೀ ಎಂಪಿ3 ತೆಗೆದುಕೊಂಡು ಬಾಕಿ ತೀರಿಸಬೇಡಿ. ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದ ಶುರುವಾಗುವ 24 ಬಿಟ್ ವೇವ್ ಆಗಿ ಕೇಳಿ ಪಡೆಯಿರಿ. ಆಗ ಪ್ಲಗಿನ್ ಕೆಟ್ಟರೂ ಸ್ಟುಡಿಯೋ ಮುಚ್ಚಿದರೂ ಬೇರೆ ಯಾರಾದರೂ ಹಾಡನ್ನು ಮತ್ತೆ ಜೋಡಿಸಬಹುದು. ಪೆನ್‌ಡ್ರೈವ್ 16 ಜಿಬಿಯದಿರಲಿ, ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದು ಫೈಲೂ ಅದರೊಳಗೆ ಇಳಿಯುವುದಿಲ್ಲ.

– ಧ್ವನಿಮುದ್ರಣ ತಂತ್ರಜ್ಞ, ವಿರಾಜಪೇಟೆ