ಬ್ರೇಕ್ ಬೂಸ್ಟರ್: ಬಿಚ್ಚುವ ಮೊದಲು ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಹಳೆಯ ಕಾಂಟೆಸ್ಸಾ ಕಾರಿನ ಬ್ರೇಕ್ ಪೆಡಲ್ ಕಳೆದ ತಿಂಗಳು ಕಲಬುರಗಿಯ ರಾಮಮಂದಿರ ವೃತ್ತದ ಬಳಿ ಕಲ್ಲಿನಂತೆ ಗಟ್ಟಿಯಾಯಿತು. ಗ್ಯಾರೇಜೊಂದರಲ್ಲಿ ಯಾವ ಪರೀಕ್ಷೆಯನ್ನೂ ಮಾಡದೆ, ಬೇರೆ ವಾಹನದಿಂದ ಕಳಚಿ ಕಪ್ಪು ಬಣ್ಣ ಬಳಿದಿದ್ದ ಬೂಸ್ಟರನ್ನೇ (ಬ್ರೇಕ್ ತುಳಿಯುವ ಕಾಲಿಗೆ ನೆರವಾಗುವ ಡಬ್ಬಿ) 'ರೀಬಿಲ್ಡ್', ಅಂದರೆ ಬಿಚ್ಚಿ ದುರಸ್ತಿ ಮಾಡಿದ್ದು, ಎಂದು ಹೇಳಿ ಜೋಡಿಸಿದರು. ವಾರದೊಳಗೆ ಅದೂ ತುಳಿದಾಗಲೆಲ್ಲ ಬುಸ್ಸೆನ್ನತೊಡಗಿತು. ಬಣ್ಣ ಮಾತ್ರ ಚೆನ್ನಾಗಿತ್ತು.

ಬೂಸ್ಟರಿನ ಈ ಡಬ್ಬಿಯೊಳಗಿನ ರಬ್ಬರ್ ಪರದೆಯ (ಡಯಾಫ್ರಾಮ್) ಒಂದು ಬದಿಗೆ ಎಂಜಿನ್ನಿನ ನಿರ್ವಾತವಿದ್ದು, ಪೆಡಲ್ ಒತ್ತಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ, ಆ ಒತ್ತಡದ ಅಂತರವೇ ಕಾಲಿನ ಬಲಕ್ಕೆ ನೆರವಾಗುತ್ತದೆ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯದಿದ್ದರೆ, ಮೊದಲು ನಿರ್ವಾತದ ಕೊಳವೆಯನ್ನೂ ಏಕಮುಖ ಕವಾಟವನ್ನೂ ನೋಡಬೇಕು. ನನ್ನ ಕಾರಿನಲ್ಲಿ, ಪೆಡಲಿನ ಬಲದಿಂದ ಬ್ರೇಕ್ ಆಯಿಲನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲಿನಿಂದ ಬ್ರೇಕ್ ಆಯಿಲ್ ಜಿನುಗಿ ಮೂಲ ಬೂಸ್ಟರಿನ ರಬ್ಬರು ಹಾಳಾಗಿತ್ತು. ಆ ಸೋರಿಕೆ ನಿಲ್ಲಿಸದೆ ಬೂಸ್ಟರ್ ಬದಲಿಸುವುದು ದುಡ್ಡನ್ನು ನೀರಿಗೆ ಹಾಕಿದಂತೆ.

15 ವರ್ಷ ದಾಟಿದ ಖಾಸಗಿ ಕಾರುಗಳ ನೋಂದಣಿ ನವೀಕರಣದ ತಪಾಸಣೆಯಲ್ಲಿ ಅರೆ ನಿಮಿಷದ ಈ ಪರೀಕ್ಷೆಯನ್ನೂ ತಪ್ಪದೆ ಮಾಡಬೇಕೆಂದು ಸಾರಿಗೆ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ.

– ಹಳೆಯ ಕಾರಿನ ಮಾಲೀಕ, ಕಲಬುರಗಿ